ಚಿಲಕದ ತಾತ

ಕಡಲಂಚಿನ ಆ ಬಡಾವಣೆಯಲ್ಲಿ ಯಾರೇ ಮನೆ ಕೊಳ್ಳಲಿ, ಪಾತ್ರೆಪಗಡ ಇಳಿಸುವ ಮುನ್ನವೇ ಸಂಘದ ಕಾರ್ಯದರ್ಶಿ ನಿಯಮಗಳ ಹಾಳೆ ಹಿಡಿದು ಹಾಜರಾಗುತ್ತಿದ್ದರು. ಕೆಂಪು ಬಾವುಟ ಹಾರಿದರೆ ನೀರಿಗಿಳಿಯಬಾರದು, ಬಿರುಗಾಳಿಗೆ ಮೊದಲು ಹೂಕುಂಡಗಳನ್ನು ಒಳಗಿಡಬೇಕು ಎಂದು ಓದುವಾಗ ಅಲ್ಪವಿರಾಮವನ್ನೂ ಬಿಡುತ್ತಿರಲಿಲ್ಲ. ಆಮೇಲೆ ಕಡಲ ಕಡೆಯ ಗೇಟಿನ ಚಿಲಕವನ್ನು ಮೂರು ಸಲ ಎಳೆದು ನೋಡಿ, "ಇನ್ನೊಂದು ಗೇಣು ಮೇಲೆ ಹಾಕ್ಸಿ, ಮಕ್ಕಳಿಗೆ ಎಟುಕಬಾರದು" ಎನ್ನುತ್ತಿದ್ದರು. ಮಕ್ಕಳು ಅವರಿಗೆ 'ಚಿಲಕದ ತಾತ' ಎಂದೇ ಹೆಸರಿಟ್ಟಿದ್ದರು. ಹೊಸದಾಗಿ ಮನೆ ಕೊಂಡ ಟೀಚರೊಬ್ಬರು ಒಂದು ದಿನ ರೇಗಿ, "ನಿಮ್ಮನೇಲಿ ಮಕ್ಕಳೇ ಇಲ್ವಲ್ಲ, ನಿಮಗ್ಯಾಕೆ ಸಾರ್ ಇಷ್ಟು ತಲೆಬಿಸಿ?" ಎಂದರು. ತಾತ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. "ಮೊಮ್ಮಗಳು ಇದ್ದಳಮ್ಮ, ಮೂರು ವರ್ಷದೋಳು. ಆವತ್ತು ಗೇಟು ಹಾಕದೆ ಬಂದೋನು ನಾನೇ" ಎಂದರು. ಟೀಚರು ಒಳಗಿನಿಂದ ಸ್ಕ್ರೂಡ್ರೈವರ್ ತಂದು ಅವರ ಕೈಗಿಟ್ಟರು.