ಕ್ಯಾಪ್ಟನ್ ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬ ಮನುಷ್ಯನ ಕಾಯಿಲೆಯನ್ನು ಅಭಿನಯ ಎಂದು ತಿಳಿದು, ಕನ್ನಡಿಯ ಮುಂದೆ ಒಂದು ತಿಂಗಳು ಅಭ್ಯಾಸ ಮಾಡಿ, ತುಮಕೂರಿನಲ್ಲೂ ಕುಣಿಗಲ್ಲಿನಲ್ಲೂ ಮೈಮೇಲೆ ಲೈಟು ಬಿಡಿಸಿಕೊಂಡು ಕೆಮ್ಮಿದವನು ನಾನು. ಕೆಮ್ಮಿ, ಚಪ್ಪಾಳೆಗೆ ಕಾದವನು. ಅಭ್ಯಾಸ ಎಷ್ಟು ಚೆನ್ನಾಗಿತ್ತೆಂದರೆ ನಮ್ಮಮ್ಮ ಎರಡು ದಿನ ಕೇಳಿ, ಮೂರನೆಯ ದಿನ ಮೆಣಸು ಶುಂಠಿ ಕುಟ್ಟಿ ಕಷಾಯ ಮಾಡಿಕೊಟ್ಟರು. ಅದನ್ನು ನನ್ನ ಕಲೆಗೆ ಸಿಕ್ಕ ಮೊದಲ ಬಹುಮಾನ ಎಂದುಕೊಂಡು ಕುಡಿದೆ.

ಆಗ ನಾನು ತುಮಕೂರಿನ ಪಕ್ಕದ ಸತ್ಯಮಂಗಲದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದೆ. ಅದು ಸಂಬಳಕ್ಕೆ. ನಿಜವಾದ ಉದ್ಯೋಗ ಮಿಮಿಕ್ರಿ. ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಉಸಿರಿಗೆ ಆರು ಸಲ "ಗುಬ್ಬಿಗುಬ್ಬಿ" ಅನ್ನುವ ಕಂಡಕ್ಟರ್, ಮೂಗಿನಲ್ಲೇ ಬೈಯುವ ಫೋರ್‌ಮನ್, ಊಟಕ್ಕೆ ಕೂತಾಗ ಸೀನುವ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಫೋರ್‌ಮನ್ ಎದುರು ನಿಂತಾಗ ನಾನೇ ಹೇಗೆ ಕಾಣುತ್ತೇನೆ ಎಂಬುದನ್ನೂ ಮಾಡಿ ತೋರಿಸುತ್ತಿದ್ದೆ. ಮಳೆಯಲ್ಲಿ ನೆಂದ ಕೋಳಿಯ ಹಾಗೆ. ಎಲ್ಲರಿಗಿಂತ ಹೆಚ್ಚು ನಗು ಬರುತ್ತಿದ್ದದ್ದು ಅದಕ್ಕೇ.

ಇನ್ನು ನಾಟಕದ ವಿಷಯ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದಾಗ ತುಮಕೂರಿನ ನಮ್ಮ ಸೈನ್ಸ್ ಮೇಷ್ಟ್ರಿಗೆ ನಿದ್ದೆ ಬರಲಿಲ್ಲವಂತೆ. "ಅವರು ಹೋದ್ರೆ ನಾವ್ಯಾಕ್ ಹೋಗ್ಬಾರ್ದು?" ಎಂದು ಒಂದು ನಾಟಕ ಬರೆದರು. ಮೊದಲ ವರ್ಷ ಚಂದ್ರ, ಮರುವರ್ಷ ಮಂಗಳ. ಆಮೇಲೆ ಗ್ರಹಗಳು ಮುಗಿದು, ಹೆಸರಿಲ್ಲದ ನಕ್ಷತ್ರಗಳ ಕಡೆ ಹೊರಟರು. ವರ್ಷಕ್ಕೊಂದು ಭಾಗ. ಸುಗ್ಗಿ ಮುಗಿದ ಮೇಲೆ ಮೊದಲು ತುಮಕೂರು, ಆಮೇಲೆ ಕುಣಿಗಲ್, ಕೊನೆಗೆ ಗುಬ್ಬಿ. ಆಡುವವರೆಲ್ಲ ಹವ್ಯಾಸಿಗಳು. ರಾಕೆಟ್ಟಿನ ತಗಡು ನಮ್ಮ ವರ್ಕ್‌ಶಾಪಿನದು, ಮೀಟರುಗಳು ಕೆಟ್ಟ ರೇಡಿಯೋಗಳವು, ಕ್ಯಾಪ್ಟನ್ ಕೂರುವ ತಿರುಗುವ ಕುರ್ಚಿ ಒಂದು ಕಟಿಂಗ್ ಶಾಪಿನದು. ನಾಟಕವಿದ್ದ ದಿನ ಆ ಶಾಪಿನಲ್ಲಿ ಒಬ್ಬರಿಗೂ ಶೇವಿಂಗ್ ಇಲ್ಲ. ನಾನು ತಲೆಗೆ ಬಕೆಟ್ಟು ಕವುಚಿಕೊಂಡು ಬೇರೆ ಲೋಕದವನಾಗಿ ನಾಲ್ಕು ವರ್ಷ ದುಡಿದೆ.

ಕ್ಯಾಪ್ಟನ್ ಮಾತ್ರ ಹನ್ನೊಂದು ವರ್ಷವೂ ಒಬ್ಬರೇ. ಗುಬ್ಬಿಯ ಒಂದು ಕೊಬ್ಬರಿ ಮಂಡಿಯಲ್ಲಿ ತೂಕ ಮಾಡುತ್ತಿದ್ದವರು. ಎತ್ತರದ ಆಳು, ತುಂಬು ದನಿ. "ಭೂಮಿ ಚಿಕ್ಕದಾಗಿ ಕಾಣುತ್ತಿದೆ, ಆದರೆ ಮರೆಯುವಷ್ಟು ಚಿಕ್ಕದಲ್ಲ" ಎಂದು ಅವರು ಹೇಳಿದರೆ, ಭೂಮಿ ಹಾಗಿರಲಿ, ಗುಬ್ಬಿ ಗಡಿಯನ್ನೂ ದಾಟದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಊರಿನಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲ. ಬಸ್ ತುಂಬಿದ್ದರೆ ಕಂಡಕ್ಟರ್, "ಕ್ಯಾಪ್ಟನ್ ಸಾರ್, ಸೀಟಿಲ್ಲ, ರಾಕೆಟ್‌ನಾಗೆ ಬಂದ್ಬುಡಿ" ಅನ್ನುತ್ತಿದ್ದ.

ಕೆಮ್ಮು ಸೇರಿಕೊಂಡದ್ದು ಹೀಗೆ. ರಾಕೆಟ್ ಹಾರುವಾಗ ಹೊಗೆ ಬೇಕಲ್ಲ? ಕುರ್ಚಿಯ ಹಿಂದೆ ಎರಡು ಬಾಣಲೆಯಲ್ಲಿ ತೆಂಗಿನ ನಾರಿನ ಕೆಂಡ ಮಾಡಿ, ಮೇಲೆ ಕೈತುಂಬ ಸಾಂಬ್ರಾಣಿ ಸುರಿಯುತ್ತಿದ್ದೆವು. ಒಂದು ವರ್ಷ ಆ ಹೊಗೆ ನೇರವಾಗಿ ಕ್ಯಾಪ್ಟನ್ ಮುಖಕ್ಕೇ ನುಗ್ಗಿತು. "ಭೂಮಿ ಚಿಕ್ಕದಾಗಿ ಕಾಣುತ್ತಿದೆ..." ಅಂದವರು ತಡೆಯಲಾರದೆ ಕೆಮ್ಮಿದರು. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮಿಕ್ಕಿದ್ದನ್ನು ಹೇಳಿದರು. ಜನ ಎದ್ದು ನಿಂತು, "ಒನ್ಸ್ ಮೋರ್!" ಅಂದರು. ಭೂಮಿಯನ್ನು ಅಗಲುವ ಸಂಕಟವನ್ನು ಒಂದು ಕೆಮ್ಮಿನಲ್ಲಿ ತೋರಿಸಿಬಿಟ್ಟ ಎಂದು ಊರೆಲ್ಲ ಹೊಗಳಿತು. ನಮ್ಮ ಕಡೆ ಒನ್ಸ್ ಮೋರ್ ಬಿದ್ದರೆ ನಟ ಇನ್ನೊಂದು ಸಲ ಮಾಡಲೇಬೇಕು, ಅದು ಜನರ ಹಕ್ಕು. ಅವರು ಇನ್ನೊಂದು ಸಲ ಕೆಮ್ಮಿದರು. ಮರುವರ್ಷದಿಂದ ಮೇಷ್ಟ್ರು ಸ್ಕ್ರಿಪ್ಟಿನಲ್ಲೇ ಬರೆದರು: "ಇಲ್ಲಿ ಕೆಮ್ಮು." ಹೊಗೆ ಇನ್ನೂ ಒಂದು ಬಾಣಲೆ ಜಾಸ್ತಿಯಾಯಿತು.

ಹನ್ನೆರಡನೆಯ ವರ್ಷ ರಿಹರ್ಸಲ್ಲಿಗೆ ಅವರು ಬರಲಿಲ್ಲ. "ಮಂಡೀಲಿ ಕೆಲಸ ಜಾಸ್ತಿ ಮೇಷ್ಟ್ರೇ, ಈ ಸಲ ಬುಟ್ಬುಡಿ" ಎಂದು ಹೇಳಿ ಕಳಿಸಿದರು. ಅವರಿಗೆ ಉಬ್ಬಸ ಕಚ್ಚಿಕೊಂಡಿದೆ, ಧೂಳು ಹೊಗೆ ಕೂಗಾಟ ಮೂರೂ ಕೂಡದು, ಇನ್ನೊಂದು ಸಲ ಹೊಗೆಯಲ್ಲಿ ನಿಂತರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ ಎಂಬುದು ಗೊತ್ತಿದ್ದದ್ದು ಅವರಿಗೂ ಅವರ ಹೆಂಡತಿಗೂ ಮಾತ್ರ. ನಕ್ಷತ್ರ ದಾಟಿ ಬಂದ ಕ್ಯಾಪ್ಟನ್ನಿಗೆ ಉಸಿರು ಸಾಲದು ಎಂದು ಊರಿಗೆ ಹೇಳುವುದು ಹೇಗೆ? ಹೇಳಲಿಲ್ಲ.

ಟೀ ಅಂಗಡಿಯಲ್ಲಿ ನಾನು ಕ್ಯಾಪ್ಟನ್ ದನಿ ಮಾಡುತ್ತಿದ್ದದ್ದು ಮೇಷ್ಟ್ರಿಗೆ ಗೊತ್ತಿತ್ತು. "ಬಕೆಟ್ ತೆಗ್ದಿಡೋ, ಕ್ಯಾಪ್ಟನ್ ಕೋಟ್ ಹಾಕ್ಕೊ" ಅಂದರು.

ಸುದ್ದಿ ಹರಡಿದ ದಿನದಿಂದ ನನ್ನ ಬಾಳು ಬಾಳಾಗಿ ಉಳಿಯಲಿಲ್ಲ. ವರ್ಕ್‌ಶಾಪಿನ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ರಾಕೆಟ್ ಬರೆದು, ಅದರೊಳಗೆ ಒಂದು ಕೋಳಿ ಕೂರಿಸಿದ್ದರು. ದಿನಾ ಕಾಫಿ ಕುಡಿಯುವ ಹೋಟೆಲಿನ ಸಪ್ಲೈಯರ್, "ಕ್ಯಾಪ್ಟನ್‌ಗೆ ಆದ್ರೆ ಸ್ಟ್ರಾಂಗು, ನಿನಗೆ ಹಾಲು ಸಾಕು ಕಣೋ" ಎಂದ. ಮೇಷ್ಟ್ರ ಮನೆಗೆ ಪೋಸ್ಟ್‌ಕಾರ್ಡುಗಳು ಬಂದವು. ಗುಬ್ಬಿಯಿಂದ ಬಂದ ಒಂದರಲ್ಲಿ ವಿಳಾಸದ ಕಡೆಯಲ್ಲೂ ಬೈಗುಳವಿತ್ತು, ಜಾಗ ಸಾಲದೆ. ನಮ್ಮ ಕ್ಯಾಪ್ಟನ್ನನ್ನು ಬೇಕೆಂತಲೇ ಬಿಡಿಸಿದ್ದೀರಿ ಎಂಬುದು ಎಲ್ಲದರ ತಾತ್ಪರ್ಯ. ಆಳು ಬದಲಾದದ್ದಕ್ಕೆ ಕಥೆಯಲ್ಲಿ ಕಾರಣ ಬೇಕಲ್ಲ ಎಂದು ಮೇಷ್ಟ್ರು ತಲೆ ಕೆಡಿಸಿಕೊಂಡು ಒಂದು ಮಾತು ಸೇರಿಸಿದರು: ಬೆಳಕಿನ ವೇಗದಲ್ಲಿ ಹೋದದ್ದರಿಂದ ಕ್ಯಾಪ್ಟನ್ನಿನ ವಯಸ್ಸು ಇಳಿದುಬಿಟ್ಟಿದೆ.

ತುಮಕೂರಿನ ಪ್ರದರ್ಶನದಲ್ಲಿ ಈ ಮಾತು ಬಂದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಕೇಳಿದ:

"ವಯಸ್ಸು ಇಳೀಲಿ ಮೇಷ್ಟ್ರೇ, ಆಳು ಯಾಕೆ ಅರ್ಧ ಅಡಿ ಇಳಿದವ್ನೆ?"

ನಾನು ಎದೆಗುಂದಲಿಲ್ಲ. ನನ್ನ ಲೆಕ್ಕಾಚಾರ ಬೇರೆ ಇತ್ತು. ನಡಿಗೆ ಅವರದೇ, ಕೈ ಬೀಸುವುದು ಅವರದೇ, ದನಿಯೂ ಅವರದೇ ಆದಮೇಲೆ ಜನ ನನ್ನನ್ನು ಹೇಗೆ ಬೇಡ ಅಂದಾರು? ಭೂಮಿ ಚಿಕ್ಕದಾಯಿತು. ಎದೆ ಹಿಡಿದೆ. ಕೆಮ್ಮಿದೆ. ಉದ್ದ ಎರಡು, ಗಿಡ್ಡ ಒಂದು, ಆಮೇಲೆ ಕಣ್ಣೊರೆಸುವುದು. ಎಣಿಸಿಕೊಂಡು ಕಲಿತಿದ್ದೆ. ಒಂದಷ್ಟು ಜನ ನಕ್ಕರು, ಒಂದಷ್ಟು ಜನ "ಥೂ" ಅಂದರು. "ಅಣಕಿಸ್ತಾನೆ ಕಣ್ರೀ ನಮ್ ಕ್ಯಾಪ್ಟನ್ನ" ಎಂದು ಒಬ್ಬ ಹೆಂಗಸು ಹೇಳಿದ್ದು ರಂಗದ ಮೇಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಅಣಕಿಸುವುದೇ ನನ್ನ ಕಸುಬು, ನಿಜ. ಆದರೆ ಅವತ್ತು ಅಣಕಿಸಿರಲಿಲ್ಲ. ಪ್ರೀತಿಯಿಂದ ಮಾಡಿದ್ದೆ. ಎರಡೂ ಕಾಣುವುದಕ್ಕೆ ಒಂದೇ ಥರ ಇರುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕುಣಿಗಲ್ಲಿನಲ್ಲಿ ಇನ್ನೂ ಕಷ್ಟವಾಯಿತು. ಮಾರ್ಕೋನಹಳ್ಳಿ ಕಡೆಯಿಂದ ಒಂದು ಟ್ರಾಕ್ಟರ್ ತುಂಬ ಜನ ಬಂದಿದ್ದರು, ಬೆಳಗಿನಿಂದ ಡ್ಯಾಮಿನ ನೀರಿನ ಬೇಸಿಗೆ ಗದ್ದೆಯಲ್ಲಿ ಕೆಲಸ ಮಾಡಿ, ಕಾಲಿನ ಕೆಸರನ್ನೂ ತೊಳೆಯದೆ. ಪರದೆ ಎದ್ದಾಗ ಅವರಲ್ಲೊಬ್ಬರು ಮುದುಕರು ಎದ್ದು ನಿಂತು, ಒಂದು ಚೂರೂ ಸಿಟ್ಟಿಲ್ಲದೆ, ಕಳೆದುಹೋದ ಎತ್ತನ್ನು ವಿಚಾರಿಸುವವರ ಹಾಗೆ ಕೇಳಿದರು:

"ನಮ್ ಕ್ಯಾಪ್ಟನ್ ಎಲ್ಲಪ್ಪಾ? ಉಸಾರಾಗವ್ನಾ?"

ನಾನು ಸ್ಕ್ರಿಪ್ಟಿನಲ್ಲಿಲ್ಲದ ಮಾತು ಹೇಳಿದೆ. "ಉಸಾರಾಗವ್ರೆ ತಾತ. ಮಂಡೀಲಿ ಕೆಲ್ಸ ಜಾಸ್ತಿ."

"ಹಂಗಾದ್ರೆ ಸರಿ" ಎಂದು ಕೂತರು. ನಾಟಕ ಮುಗಿಯುವವರೆಗೂ ಚಪ್ಪಾಳೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ನನಗೆ ಅದೇ ಹೆಚ್ಚು ನೋವಾಯಿತು.

ಉಳಿದದ್ದು ಗುಬ್ಬಿ. ಅಲ್ಲಿಯ ಅಭಿಮಾನಿಗಳ ಮುಂದಾಳು ಒಬ್ಬ ಸೈಕಲ್ ಶಾಪಿನವನು. ಹನ್ನೊಂದು ವರ್ಷದ ಒಂದೊಂದು ಡೈಲಾಗೂ ಅವನಿಗೆ ಬಾಯಿಪಾಠ. ಹಳೇ ಕ್ಯಾಪ್ಟನ್ ಬರದಿದ್ದರೆ ಗುಬ್ಬಿಯಲ್ಲಿ ಪರದೆ ಏಳಕೂಡದು ಎಂದು ಅವನು ಸಾರಿಬಿಟ್ಟ. ಮೇಷ್ಟ್ರಿಗೂ ಬೇರೆ ದಾರಿ ತೋಚಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು, ನಾನು, ಸೈಕಲ್ ಶಾಪಿನವನು, ಮೂವರೂ ಕ್ಯಾಪ್ಟನ್ ಮನೆಗೆ ಹೋದೆವು, ಅವರನ್ನು ಕರೆತರುವುದಕ್ಕೆ. ನಾನು ಯಾಕೆ ಹೋದೆ ಎಂದು ಕೇಳಬಹುದು. ಪಾತ್ರ ಕಳೆದುಕೊಳ್ಳುವವನೇ ಕರೆಯಲು ಹೋಗುವುದುಂಟೇ? ನಾನೂ ಅವರ ಅಭಿಮಾನಿಯೇ ಅಲ್ಲವೇ. ಮೊದಲಿಂದಲೂ. ಬಕೆಟ್ಟಿನ ತೂತಿನಿಂದ ನಾಲ್ಕು ವರ್ಷ ಅವರನ್ನು ನಾನು ನೋಡಿದಷ್ಟು ಹತ್ತಿರದಿಂದ ಯಾರೂ ನೋಡಿಲ್ಲ.

ಬಾಗಿಲು ತೆಗೆದವರು ಅವರ ಹೆಂಡತಿ. "ಬನ್ನಿ" ಅಂದರು, ನಗಲಿಲ್ಲ. ಒಳಗೆ ಕ್ಯಾಪ್ಟನ್ ಗೋಡೆಗೆ ದಿಂಬು ಒರಗಿಸಿ ಕೂತಿದ್ದರು, ತೊಡೆಯ ಮೇಲೆ ಹನ್ನೊಂದು ವರ್ಷ ಸ್ಟೇಜಿನ ಮೇಲೆ ತೊಟ್ಟ ಬೆಳ್ಳಿ ಗುಂಡಿಯ ನೀಲಿ ಕೋಟು. ನಾವು ಕೇಳುವ ಮೊದಲೇ ಟ್ರಂಕಿನಿಂದ ತೆಗೆಸಿಟ್ಟುಕೊಂಡಿದ್ದರು! ನಾನು ಹಾಕಿಕೊಂಡಿದ್ದದ್ದು ಬೇರೆ ಹೊಲಿಸಿದ್ದು. ಇದು ಅಸಲಿ. ಅವರು ಗುಂಡಿಗಳನ್ನು ಒಂದೊಂದಾಗಿ ಪಂಚೆಯ ಚುಂಗಿನಿಂದ ಉಜ್ಜುತ್ತಿದ್ದರು. ಮನುಷ್ಯ ಅರ್ಧ ಇಳಿದುಹೋಗಿದ್ದರು. ಆದರೂ ನಮಗೆ ಹೊಳೆಯಲಿಲ್ಲ. ಮಂಡಿಯಲ್ಲಿ ಕೆಲಸ ಜಾಸ್ತಿ ಅಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡೆವು.

"ಊರೋರೆಲ್ಲಾ ನಿಮ್ಮನ್ನೇ ಕೇಳ್ತಾವ್ರೆ ಅಣ್ಣ," ಎಂದೆ. "ಕುಣಿಗಲ್ಲಲ್ಲಿ ಒಬ್ರು ತಾತ ಉಸಾರಾಗವ್ರಾ ಅಂದ್ರು."

ಅವರ ಮುಖ ಅರಳಿತು. "ಹಂಗಂದ್ರಾ?" ಎಂದು ಹೆಂಡತಿಯ ಕಡೆ ನೋಡಿದರು, ಜಾತ್ರೆಗೆ ಕಳಿಸು ಎಂದು ತಾಯಿಯ ಮುಖ ನೋಡುವ ಹುಡುಗನ ಹಾಗೆ. ಆಕೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಗಂಡನ ಎದೆಯನ್ನೇ ನೋಡುತ್ತಿದ್ದರು, ಉಸಿರು ಎಣಿಸುವವರಂತೆ.

"ಒಂದೇ ಆಟ ಕಣೇ. ಗುಬ್ಬೀಲಿ ಒಂದೇ ಒಂದು," ಎಂದರು ಕ್ಯಾಪ್ಟನ್ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಏನ್ಲಾ, ನನ್ ಹಂಗೇ ಮಾಡ್ತೀಯಂತೆ? ಮಾಡು ನೋಡನ."

"ಬ್ಯಾಡಿ ಅಣ್ಣ."

"ಮಾಡ್ಲಾ! ಊರಿಗೆಲ್ಲಾ ತೋರ್ಸಿದೀಯ, ನನಗ್ಯಾಕ್ ಬ್ಯಾಡ?"

ಎದ್ದು ನಿಂತೆ. ಲೋಕದಲ್ಲಿ ಅದಕ್ಕಿಂತ ಕಷ್ಟದ ಸ್ಟೇಜು ನಾನು ಹತ್ತಿಲ್ಲ. ಭೂಮಿ ಚಿಕ್ಕದಾಗಿ ಕಾಣುತ್ತಿದೆ ಎಂದೆ. ಎದೆ ಹಿಡಿದೆ. ಉದ್ದ ಎರಡು, ಗಿಡ್ಡ ಒಂದು. ಕಣ್ಣೊರೆಸಿಕೊಂಡೆ.

ಕ್ಯಾಪ್ಟನ್ ನಕ್ಕರು. "ಅಯ್ಯೋ ಬಡ್ಡೆತ್ತದೆ, ಥೇಟ್ ನಾನೇ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಆ ನಗು ಹೋಗಿ ಎಲ್ಲೋ ಸಿಕ್ಕಿಹಾಕಿಕೊಂಡಿತು. ಕೆಮ್ಮು ಬಂತು. ಉದ್ದ ಎರಡಲ್ಲ, ಗಿಡ್ಡ ಒಂದಲ್ಲ. ಎಣಿಸಲಿಕ್ಕೆ ಸಿಗದ ಕೆಮ್ಮು. ಕೋಟು ಜಾರಿ ನೆಲಕ್ಕೆ ಬಿತ್ತು. ಆಕೆ ಓಡಿ ಬಂದು ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ಬೆನ್ನು ನೀವುತ್ತ, ಇನ್ನೊಂದರಲ್ಲಿ ಬಿಸಿನೀರಿನ ಲೋಟ ಹಿಡಿದರು. ಎರಡೂ ಕೈ ಎಷ್ಟು ಅಭ್ಯಾಸವಾಗಿದ್ದವು ಅಂದರೆ, ಆಗ ನನಗೆ ಎಲ್ಲವೂ ತಿಳಿಯಿತು. ಮೇಷ್ಟ್ರಿಗೂ ತಿಳಿಯಿತು. ಅವರು ತಲೆ ತಗ್ಗಿಸಿದರು, ತಾವೇ ಬರೆದ "ಇಲ್ಲಿ ಕೆಮ್ಮು" ನೆನಪಾಗಿರಬೇಕು.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಕೆ ಬಾಯಿ ತೆರೆದ ಮೇಲೆ ನನಗೆ ಹೇಳಲು ಏನೂ ಉಳಿಯುವುದಿಲ್ಲ. ಗುಬ್ಬಿಯ ಆಟ ನಾನೇ ಆಡಿದೆ. ಕೆಮ್ಮಲಿಲ್ಲ, ಸಾಂಬ್ರಾಣಿಯನ್ನೂ ಹಾಕಲಿಲ್ಲ, ರಾಕೆಟ್ಟು ಹೊಗೆಯಿಲ್ಲದೆ ಹಾರಿತು. ಹಳೇ ಕ್ಯಾಪ್ಟನ್ ಮೊದಲ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಭೂಮಿ ಚಿಕ್ಕದಾಗಿ ಕಾಣುವ ಜಾಗ ಬಂದಾಗ, ನನ್ನ ಬಾಯಲ್ಲಿ ನನ್ನದೇ ಕೀರಲು ದನಿ ಬಂದುಬಿಟ್ಟಿತು. ನನಗೇ ಅಪರಿಚಿತವಾದದ್ದು, ನಾನು ಎಂದೂ ಮಿಮಿಕ್ರಿ ಮಾಡದೆ ಬಿಟ್ಟಿದ್ದ ಒಂದೇ ದನಿ. ಜನ ಸುಮ್ಮನೆ ಕೇಳಿದರು. ಒನ್ಸ್ ಮೋರ್ ಬೀಳಲಿಲ್ಲ. ಕ್ಯಾಪ್ಟನ್ ಮಾತ್ರ ಎರಡು ಬೆರಳು ಎತ್ತಿ, ಪರವಾಗಿಲ್ಲ ಎಂಬಂತೆ ಆಡಿಸಿದರು. ಆಮೇಲೆಯೂ ಎಷ್ಟೋ ವರ್ಷ ಅದೇ ಸಾಲಿನಲ್ಲಿ ಅವರು ಬಂದು ಕೂರುತ್ತಿದ್ದರು.

ಆದರೆ ಆ ಭಾನುವಾರ ಬೆಳಿಗ್ಗೆ, ಕೆಮ್ಮು ಇನ್ನೂ ನಿಂತಿರಲಿಲ್ಲ. ಸೈಕಲ್ ಶಾಪಿನವನಿಗೆ ಮಾತ್ರ ಏನೂ ತಿಳಿದಿರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು, ಭಕ್ತಿಯ ನೀರು. ನನ್ನ ಭುಜಕ್ಕೆ ಒಂದು ಗುದ್ದಿ, "ನೋಡ್ದೇನ್ಲಾ? ಇದು ಕೆಮ್ಮು! ಅಸಲಿ ಅಂದ್ರೆ ಅಸಲಿ ಕಣ್ಲಾ!" ಎಂದು, ಎರಡೂ ಕೈ ಮೇಲೆತ್ತಿ ಚಪ್ಪಾಳೆ ಹೊಡೆದು, ಹನ್ನೊಂದು ವರ್ಷದ ಅಭ್ಯಾಸದಂತೆ ಕೂಗಿಯೇಬಿಟ್ಟ: "ಒನ್ಸ್ ಮೋರ್, ಕ್ಯಾಪ್ಟನ್!"

ಆಕೆ ಗಂಡನ ಬೆನ್ನಿನ ಮೇಲಿನ ಕೈ ತೆಗೆಯಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಕೆಮ್ಮು ತಾನೇ ನಿಮಗೆಲ್ಲಾ ಬೇಕಾಗಿರೋದು? ದಿನಾ ಕೋಳಿ ಕೂಗೋಕ್ ಮುಂಚೆ ಬಂದು ನಮ್ ಜಗಲಿ ಮ್ಯಾಲೆ ಕುಂತ್ಕಳಿ. ಟಿಕೀಟು ಬ್ಯಾಡ. ಒನ್ಸ್ ಮೋರ್ ಅನ್ನೋ ತೊಂದ್ರೇನೂ ತಗಾಬ್ಯಾಡಿ, ನೀವ್ ಕೇಳ್ದಿದ್ರೂ ಬರ್ತದೆ."