ಹಾದಿಗೆ ಒಬ್ಬರು

ಅವತ್ತು ಬೆಳಿಗ್ಗೆಯೂ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಊದುತ್ತಿದ್ದರು. ಬಸಿ ಹಿಡಿದ ಬಲ ಹೆಬ್ಬೆರಳಿನ ಉಗುರು ಅರ್ಧ ಕಪ್ಪು. ಎಂದೋ ಸ್ಟ್ರೆಚರಿನ ಸಂದಿಗೆ ಸಿಕ್ಕಿದ್ದು, ಮತ್ತೆ ಬೆಳ್ಳಗಾಗಲೇ ಇಲ್ಲ. ನಾನು ಅಂಗಳಕ್ಕೆ ನೀರು ಹೊಡೆದು ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದೆ.

ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ ಒಂಟಿ ಜೀವ ಅವರು. ನಮ್ಮ ಇಂಡಿ ತಾಲೂಕಿನ ಸುತ್ತ ವರ್ಷಗಟ್ಟಲೆ ಆಂಬ್ಯುಲೆನ್ಸ್ ಓಡಿಸಿದವರು. ತಾಂಬಾ, ಹೊರ್ತಿ ಕಡೆ ಎಷ್ಟೋ ಜನ ಊರೊಳಗಲ್ಲ, ಹೊಲದ ವಸ್ತಿಗಳಲ್ಲಿರುತ್ತಾರೆ. ಅಲ್ಲಿ ಮನೆಗೆ ನಂಬರಿಲ್ಲ, ಹಾದಿಗೆ ಹೆಸರಿಲ್ಲ. ಫೋನು ಬಂದರೆ ಕಾಕಾ ಬೇನೆ ಏನೆಂದು ಆಮೇಲೆ ಕೇಳುತ್ತಿದ್ದರು. ಮೊದಲ ಮಾತು, "ಹಾದಿಗೆ ಒಬ್ಬರ್ನ ನಿಂದರಸ್ರಿ." ಟವೆಲ್ ಬೀಸುತ್ತ ಒಬ್ಬರು ನಿಂತರೆ ಸಾಕಿತ್ತು. ಹಾವು ಕಡಿದವರನ್ನು, ಬೇನೆ ತಿನ್ನುವ ಬಸುರಿಯರನ್ನು ಹಾಗೆಯೇ ಹೊತ್ತು ತಂದರು.

ಆಮೇಲೆ ಗಾಡಿಗೆ ದಾರಿ ತೋರಿಸುವ ಪರದೆ ಬಂತು. ಅದಕ್ಕೆ ಹಾರ ಹಾಕಿ, ಕಾಯಿ ಒಡೆದು ಸಾಹೇಬರೆಲ್ಲ ಫೋಟೊ ತೆಗೆಸಿಕೊಂಡರು. ಪರದೆಯ ದಾರಿ ಬಿಡಬಾರದು, ಸ್ವಂತ ಫೋನಿನಿಂದ ರೋಗಿಯ ಮನೆಗೆ ಮಾತಾಡಬಾರದು ಎಂದು ಹುಕುಂ ಆಯಿತು. ಒಮ್ಮೆ ಪರದೆ ಬಸುರಿಯೊಬ್ಬಳ ಮನೆಯನ್ನು ಕೆರೆಯ ನಡುವೆ ತೋರಿಸಿದಾಗ ಕಾಕಾ ಎರಡೂ ಮಾಡಿದರು. ತಾಯಿ, ಕೂಸು ಉಳಿದವು. ಕಾಕಾರ ಕೆಲಸ ಉಳಿಯಲಿಲ್ಲ. "ನಿಗದಿತ ಮಾರ್ಗದ ಉಲ್ಲಂಘನೆ" ಎಂಬ ನೋಟಿಸನ್ನು ನಾನೇ ಓದಿ ಹೇಳಿದೆ.

"ಅಲ್ಲಿ ಮಾರ್ಗನ ಇಲ್ಲ, ಉಲ್ಲಂಘನಿ ಎಲ್ಲಿಂದ ಬಂತವಾ ತಂಗಿ?" ಎಂದು ನಕ್ಕರು. ಮರುದಿನವೂ ಖಾಕಿ ಅಂಗಿ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕಿದರು.

ಅವತ್ತು ಬಸಿ ಬಿದ್ದ ಸಪ್ಪಳಕ್ಕೆ ರಂಗೋಲಿ ಬಿಟ್ಟು ತಿರುಗಿ ನೋಡಿದೆ. ಕಾಕಾ ಎದೆ ಹಿಡಿದುಕೊಂಡಿದ್ದರು. ಕುತ್ತಿಗೆಯೆಲ್ಲ ಬೆವರು. ಮನೆಯವರು ಮೊದಲ ಬಸ್ಸಿಗೆ ಸಿಂದಗಿಗೆ ಹೋಗಿದ್ದರು. ಅತ್ತೆ ಓಡಿಬಂದು ಬೆನ್ನು ನೀವತೊಡಗಿದರು. ಆಂಬ್ಯುಲೆನ್ಸಿಗೆ ಫೋನು ಹಚ್ಚಿದೆ. ಎಲ್ಲೋ ಕೂತ ಹುಡುಗಿ ನಾವಿರುವ ಜಾಗ ತಿಳಿಸುವ ಲಿಂಕ್ ಕಳಿಸಿದಳು, ಒತ್ತಿದೆ. "ಪೇಶಂಟನ್ನು ಅಲುಗಾಡಿಸಬೇಡಿ ಮೇಡಂ, ಕಾಲ್ ಕಟ್ ಮಾಡಬೇಡಿ" ಎಂದಳು.

"ತಂಗಿ, ಹಾದಿಗೆ ಒಬ್ಬರ್ನ..." ಎಂದರು ಕಾಕಾ.

"ನಾ ಹೋಗಿ ನಿಂದರ್ಲೇನ?" ಅತ್ತೆ ಎದ್ದರು.

"ಬ್ಯಾಡ್ರಿ, ಲೊಕೇಶನ್ ಹೋಗೇತ್ರಿ" ಎಂದೆ ನಾನು.

ವಯಸ್ಸು, ಬಿ.ಪಿ., ಶುಗರ್, ಕೇಳಿದ್ದಕ್ಕೆಲ್ಲ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಪೂರ್ಣ ವಾಕ್ಯದಲ್ಲಿ ಉತ್ತರ ಕೊಡುತ್ತಾ ನಿಂತೆ. ಆ ನನ್ನ ದನಿ ನೆನೆದರೆ ಈಗಲೂ ನನಗೇ ಹೇಸಿಕೆ. ಲಿಂಬೆ ಗೋದಾಮಿನ ಹಿಂದೆ ಸೈರನ್ ಕೇಳಿತು. ನಿಂತಿತು. ಮತ್ತೆ ದೂರವಾಯಿತು. ಕಾಕಾ ಕಣ್ಣು ತೆರೆದರು.

"ಹಿಂದಿನ ಓಣ್ಯಾಗ ಹೊಂಟೈತಿ. ಹೊಳ್ಳಸ್ರಿ ಅದನ್ನ."

"ಮೇಡಂ, ನಮ್ಮಲ್ಲಿ ವಾಹನ ತಲುಪಿದೆ ಅಂತ ತೋರಿಸ್ತಿದೆ" ಎಂದಳು ಹುಡುಗಿ.

ಗಾಡಿ ಸುತ್ತಿ ಬರುವ ಹೊತ್ತಿಗೆ ಆ ಕಪ್ಪುಗುರಿನ ಹೆಬ್ಬೆರಳು ನನ್ನ ಅಂಗೈಯಲ್ಲಿ ತಣ್ಣಗಾಗಿತ್ತು. ಅವರನ್ನು ಕಟ್ಟೆಯಿಂದ ಒಳಗೆ ತರುತ್ತಿರುವಾಗಲೇ ಫೋನು ಟಣ್ಣೆಂದಿತು. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುವಿರಿ? ಐದು ಸ್ಟಾರ್‌ಗಳ ಪಕ್ಕ ನಗುವ ಮುಖವೊಂದಿತ್ತು. ಫೋನನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಒಗೆದು ಮುಚ್ಚಳ ಹಾಕಿದೆ.

ಸಂಜೆ ಮಣ್ಣು ಮಾಡಿ ಎಲ್ಲರೂ ಹೊಳ್ಳಿ ಬಂದ ಮೇಲೆ ಹಿಂದಿನ ಓಣಿಯ ನೆರೆಯವಳು ಥರ್ಮಾಸಿನಲ್ಲಿ ಚಹಾ ತಂದಳು. ಬಗ್ಗಿಸಿ ಕೊಡುತ್ತಾ ಅಂದಳು:

"ಮುಂಜಾನಿ ಗಾಡಿ ನಮ್ಮ ಬಾಗಲ ಮುಂದನ ನಿಂತಿತ್ರಿ ವೈನಿ. ಡ್ರೈವರ್ ಅತ್ಲಾಗ ಇತ್ಲಾಗ ನೋಡಿದಾ. ಹಾದಿ ಮ್ಯಾಲ ಯಾರೂ ಇರ್ಲಿಲ್ಲ, ಹೋದಾ. ಥರ್ಮಾಸ ನಾಳಿಗಿ ಕೊಟ್ರೂ ನಡೀತೈತ್ರಿ."