ಪಾದ್ರಿ ಬಂಗಲೆಯಲ್ಲಿ ಯಾರೂ ಇರಲಿಲ್ಲ

ಬಿದಿರಿನ ತುದಿಗೆ ಒದ್ದೆ ಬಟ್ಟೆ ಕಟ್ಟಿ, ಬಾಗಿಲ ಮೇಲಿನ ಗಾರೆಯ ದೇವದೂತರ ಮುಖ ಒರೆಸುತ್ತ ಮುನಿಯಮ್ಮ ಬೈಯುತ್ತಿದ್ದಳು: "ಕೆನ್ನೆ ನೋಡು, ಗಣಿ ಮಣ್ಣಿನ ಸೈನೈಡ್ ದಿಬ್ಬದ ಧೂಳು ತಿಂದೇ ಇಂಗೆ ಉಬ್ಬೌವೆ!"

ಬಂಗಾರಪೇಟೆ ಕಡೆಯ ಹಳ್ಳಿಯವಳು. ಒಕ್ಕಲು ಮುನೇಶ್ವರನದು, ಚಾಕರಿ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಪಾದ್ರಿ ಬಂಗಲೆಯದು. ಗಂಡ ಗಣಿಯಲ್ಲಿ ಸತ್ತಾಗ ಹಳೆಯ ಪಾದ್ರಿಯೊಬ್ಬರು ಹಿಂದಿನ ಅಡುಗೆಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಗಣಿ ಮುಚ್ಚಿತು, ಪಾದ್ರಿಗಳೂ ಹೋದರು. ಅವಳು ಉಳಿದಳು. ಸುತ್ತಲಿನ ಬಂಗಲೆಗಳ ಕಿಟಕಿ, ತೊಲೆಗಳೆಲ್ಲ ಮಾಯವಾದವು. ಇದರ ಒಂದು ಹೆಂಚೂ ಅಲುಗಲಿಲ್ಲ. "ಕಳ್ಳರ್‍ನ ಕನ್ನಡದಾಗೆ ಬೈದ್ರೆ ನಗ್ತಾರೆ, ತೆಲುಗಲ್ಲಿ ಬೈದ್ರೆ ನಿಲ್ತಾರೆ, ತಮಿಳಲ್ಲಿ ಬೈದ್ರೆ ಓಡ್ತಾರೆ ಕಣ್ಲಾ" ಎಂದು ಪಕ್ಕದ ಗಣಿ ಕಾರ್ಮಿಕರ ಸಾಲುಮನೆಯಲ್ಲಿದ್ದ ನನಗೆ ಹೇಳುತ್ತಿದ್ದಳು.

ಆಮೇಲೆ ಅಧಿಕಾರಿಯೊಬ್ಬರು ಬಂದರು. ತಿರುಚಿದ ಕಂಬ, ಸುರುಳಿ ಗಾರೆ ನೋಡಿ, ಇದು ಬರೋಕ್ ಶೈಲಿ, ನಮ್ಮ ಕಡೆ ಅಪರೂಪ, ಸಂರಕ್ಷಿತ ಕಟ್ಟಡವಾಗಬೇಕು ಎಂದರು.

"ಇಲ್ಲಿ ಯಾರಾದರೂ ವಾಸ ಇದ್ದಾರಾ? ಇದ್ದರೆ ಕೆಲಸ ತಡವಾಗುತ್ತೆ. ಒಬ್ಬ ಕಾವಲುಗಾರನೂ ಬೇಕಿತ್ತು" ಎಂದು ಬಂಗಲೆ ತೋರಿಸುತ್ತಿದ್ದ ನನ್ನನ್ನು ಕೇಳಿದರು.

ಗಣಿ ಮುಚ್ಚಿದ ಮೇಲೆ ನನಗೆ ಕೆಲಸವಿರಲಿಲ್ಲ. "ಯಾರೂ ಇಲ್ಲ ಸಾರ್" ಎಂದುಬಿಟ್ಟೆ.

ಮುನಿಯಮ್ಮ ಪಕ್ಕದ ಜಗಲಿಯಲ್ಲೇ ಸೊಪ್ಪು ಬಿಡಿಸುತ್ತಿದ್ದಳು.

"ಹಾಗಾದರೆ ಈಕೆ?"

ಅವಳು ನನ್ನನ್ನೊಮ್ಮೆ ನೋಡಿದಳು. "ಕಸ ಗುಡ್ಸೋಳು ಸಾಮಿ. ಬಂಗಾರಪೇಟೆಯಿಂದ ದಿನಾ ರೈಲಾಗೆ ಬಂದೋಗ್ತೀನಿ."

ಅವತ್ತೇ ಗಂಟು ಕಟ್ಟಿ, ಬಂಗಾರಪೇಟೆಯ ತಂಗಿ ಮಗಳ ಮನೆ ಸೇರಿದಳು. ಮರುದಿನದಿಂದ ನಿಜವಾಗಿಯೂ ರೈಲಿನಲ್ಲಿ ಕಸ ಗುಡಿಸಲು ಬಂದಳು. "ಸುಳ್ಳು ಯೋಳ್ದೋನು ನೀನು, ಅದ್ನ ನಿಜ ಮಾಡಾಕೆ ಮಾರಿಕುಪ್ಪಂ ರೈಲು ಅತ್ತೋಳು ನಾನು, ನೋಡ್ಲಾ!" ಎಂದು ನಗುತ್ತಿದ್ದಳು. ಆ ನಗು ನನ್ನನ್ನು ಒಂದು ಕಡೆ ಕೂರಗೊಡುತ್ತಿರಲಿಲ್ಲ. ಕಾವಲಿನ ನೆಪದಲ್ಲಿ ಅಂಗಳ ಸುತ್ತುತ್ತಿದ್ದೆ.

ಅಡುಗೆಕೋಣೆಯ ಮಸಿ ಕೆರೆದು ಸುಣ್ಣ ಬಳಿದರು. ಬಂಗಲೆಯ ಚರಿತ್ರೆ ಕೆತ್ತಿದ ಕಲ್ಲು ನಿಲ್ಲಿಸಿದರು. ಕಟ್ಟಿಸಿದವರು, ಬಾಳಿದ ಪಾದ್ರಿಗಳು, ಎಲ್ಲರೂ ಇದ್ದಾರೆ. ಅವಳಿಲ್ಲ. ಬಂದವರಿಗೆ ಅದನ್ನು ಓದಿ ಹೇಳುವವನು ನಾನು.

ಒಂದು ಸಂಜೆ ಮುನಿಯಮ್ಮನ ಮೈ ಕೆಂಡವಾಗಿತ್ತು. "ಇವತ್ತೊಂದಿನ ಒಳಗೆ ಮಲಗ್ತೀನಿ ಕಣ್ಲಾ, ಸ್ಟೇಷನ್‌ಗಂಟ ನಡ್ಯಾಕಾಗಲ್ಲ."

ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. "ಒಳಗೆ ಕ್ಯಾಮೆರಾ ಆಕವ್ರೆ ಮುನಿಯಕ್ಕ" ಎಂದೆ.

ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬುಡು ಬುಡು, ನಿನ್ ಕೆಲ್ಸ ಓಗ್ಬುಡ್ತದೆ" ಎಂದು ಗೋಡೆ ಹಿಡಿದುಕೊಂಡೇ ಗೇಟು ದಾಟಿದಳು. ಮತ್ತೆ ಬರಲಿಲ್ಲ.

ಬಂಗಾರಪೇಟೆಗೆ ಹೋಗಿ ಅವಳ ತಿಥಿ ಊಟ ಉಂಡು ಬಂದೆ. ಬಂಗಲೆಗೆ ಕ್ಯಾಮೆರಾ ಹಾಕಿದ್ದು ಅದಾದ ಮೇಲೆ.